ಒಂಬತ್ತು ಕ್ವಿಂಟಲ್ ತೊಗರಿಯ ಶಾಲೆ

ಕಲಬುರಗಿಯ ದಾಲ್ ಮಿಲ್ ಒಂದರಲ್ಲಿ ಹನ್ನೊಂದು ವರ್ಷಗಳಿಂದ ಲೆಕ್ಕ ಬರೆಯುತ್ತಿರುವುದರಿಂದ, ಯಾವ ದೊಡ್ಡ ಮೊತ್ತವನ್ನು ಕಂಡರೂ ಅದು ಎಷ್ಟು ತೊಗರಿ ಎಂದು ಮನಸ್ಸಿನಲ್ಲೇ ಭಾಗಿಸಿ ನೋಡುವುದು ನನಗೆ ರೂಢಿಯಾಗಿಬಿಟ್ಟಿದೆ. ಈ ಮಾರ್ಚ್ ಕೊನೆಗೆ ಮಿಲ್ಲಿನ ವರ್ಷದ ಲೆಕ್ಕ ಮುಗಿಸಿದ ಮೇಲೆ ಮನೆಯ ಲೆಕ್ಕದ ಪುಸ್ತಕವನ್ನೂ ತೆಗೆದು ಕುಳಿತೆ. ಅದರಲ್ಲಿ ಮಕ್ಕಳಿಬ್ಬರಿಗೂ ಒಂದೊಂದು ಪುಟ ಇದೆ. ಐದನೆಯ ತರಗತಿ ಮುಗಿಸಿದ ಮಗಳು ನಗರದ ಒಂದು ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಓದುತ್ತಾಳೆ. ಒಂದನೆಯ ತರಗತಿ ಮುಗಿಸಿದ ಮಗ ನಮ್ಮ ಬಡಾವಣೆಗೆ ಹತ್ತಿರದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಓದುತ್ತಾನೆ. ಒಂದೇ ಮನೆಯ ಮಕ್ಕಳಿಗೆ ಎರಡು ಬಗೆಯ ಶಾಲೆ ಏಕೆ ಎಂದು ಕೇಳುವವರಿಗೆ ಉತ್ತರ ಹೇಳಿ ಹೇಳಿ ಸಾಕಾಗಿರುವುದರಿಂದ, ಲೆಕ್ಕಸಮೇತ ಒಮ್ಮೆ ಬರೆದುಬಿಡುತ್ತೇನೆ.

ಮಗಳ ಪುಟದಲ್ಲಿ ಶಾಲೆಯ ಶುಲ್ಕವೆಂದು ₹38,000 ಇದೆ. ಶಾಲೆಯಲ್ಲೇ ಕೊಳ್ಳಬೇಕಾದ ಪುಸ್ತಕ ಮತ್ತು ನೋಟುಬುಕ್ಕುಗಳಿಗೆ ₹6,500, ವ್ಯಾನಿಗೆ ತಿಂಗಳಿಗೆ ₹1,200ರಂತೆ ಹತ್ತು ತಿಂಗಳಿಗೆ ₹12,000, ಎರಡು ಬಗೆಯ ಸಮವಸ್ತ್ರ ಮತ್ತು ಬೂಟಿಗೆ ₹4,000, ಸಂಜೆಯ ಟ್ಯೂಷನ್ನಿಗೆ ₹8,000, ಗ್ಯಾದರಿಂಗಿನ (ಶಾಲಾ ವಾರ್ಷಿಕೋತ್ಸವದ) ಬಟ್ಟೆ, ಪ್ರಾಜೆಕ್ಟ್, ಹುಟ್ಟುಹಬ್ಬದ ಚಾಕೊಲೇಟು ಇತ್ಯಾದಿಗೆ ₹3,000, ಹೀಗೆ ಒಟ್ಟು ₹71,500. 2025-26ರಲ್ಲಿ ತೊಗರಿಗೆ ನಿಗದಿಯಾದ ಬೆಂಬಲ ಬೆಲೆ ಕ್ವಿಂಟಲಿಗೆ ₹8,000. ಆ ದರವೇ ಸಿಕ್ಕಿತೆಂದು ಹಿಡಿದರೂ ಮಗಳ ಒಂದು ವರ್ಷದ ಓದು ಒಂಬತ್ತು ಕ್ವಿಂಟಲ್ ತೊಗರಿಗೆ ಹತ್ತಿರವಾಗುತ್ತದೆ. ಸೇಡಂ ತಾಲ್ಲೂಕಿನಲ್ಲಿರುವ ನನ್ನ ತವರಿನ ಹೊಲ ಮಳೆಯನ್ನೇ ನಂಬಿದ್ದು, ಎಕರೆಗೆ ಮೂರು ಕ್ವಿಂಟಲ್ ಬಂದರೆ ಅಣ್ಣ ಆ ವರ್ಷ ದೇವರಿಗೆ ಕಾಯಿ ಒಡೆಸುತ್ತಾನೆ. ಅಂದರೆ ಬೀಜ, ಗೊಬ್ಬರ, ಔಷಧಿ, ಕೂಲಿ ಯಾವುದನ್ನೂ ಕಳೆಯದೆ ಮೂರು ಎಕರೆಯ ಇಡೀ ಫಸಲು ಒಂದು ಹುಡುಗಿಯ ಐದನೆಯ ತರಗತಿಗೆ ಸರಿಹೋಗುತ್ತದೆ. ಗಿಡಗಳನ್ನೇ ಒಣಗಿಸುವ ನೆಟೆ ರೋಗ ಬಿದ್ದ ವರ್ಷ ಈ ಲೆಕ್ಕವನ್ನು ಮಾಡದಿರುವುದೇ ಒಳ್ಳೆಯದು. ವರ್ಷವೂ ನೂರಕ್ಕೆ ಹತ್ತರಂತೆ ಖರ್ಚು ಏರುತ್ತದೆಂದು ಇಟ್ಟುಕೊಂಡರೆ ಇಂತಹ ಹತ್ತು ವರ್ಷಗಳಿಗೆ ಹನ್ನೊಂದು ಲಕ್ಷ ದಾಟುತ್ತದೆ. ಆದಾಯ ತೆರಿಗೆಯಲ್ಲಿ ಉಳಿಯುತ್ತದಲ್ಲ ಎಂದು ಸಹೋದ್ಯೋಗಿಗಳು ಹೇಳುವುದುಂಟು. ಆ ರಿಯಾಯಿತಿ ಬೋಧನಾ ಶುಲ್ಕಕ್ಕೆ ಮಾತ್ರ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ. ವ್ಯಾನು, ಬೂಟು, ಟ್ಯೂಷನ್ ಯಾವುದೂ ಅದರಲ್ಲಿ ಸೇರುವುದಿಲ್ಲ.

ಇಷ್ಟು ಹಣಕ್ಕೆ ಪ್ರತಿಯಾಗಿ ನಮಗೆ ಸಿಕ್ಕಿದ್ದೇನು ಎಂಬುದು ಮುಂದಿನ ಪ್ರಶ್ನೆ. ಮಗಳು ನಾಲ್ಕನೆಯ ತರಗತಿಯಲ್ಲಿದ್ದಾಗ ಒಂದೇ ವರ್ಷದಲ್ಲಿ ಗಣಿತಕ್ಕೆ ಮೂವರು ಶಿಕ್ಷಕರು ಬದಲಾದರು. ಮೊದಲನೆಯವರು ಬಹಳ ಚೆನ್ನಾಗಿ ಕಲಿಸುತ್ತಿದ್ದ ಹೆಣ್ಣುಮಗಳು, ನಮ್ಮ ಬೀದಿಯವರೇ. ತಿಂಗಳಿಗೆ ಒಂಬತ್ತು ಸಾವಿರ ಸಂಬಳವಿತ್ತು. ಜುಲೈನಲ್ಲಿ ಸರ್ಕಾರಿ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿಯ ಕೆಲಸ ಸಿಕ್ಕಿದೊಡನೆ ಬಿಟ್ಟು ಹೋದರು, ಏಕೆಂದರೆ ಅಲ್ಲಿಯ ಗೌರವಧನ ಇದಕ್ಕಿಂತ ಹೆಚ್ಚಿತ್ತು. ನಾನು ಸಾವಿರಾರು ರೂಪಾಯಿ ಕಟ್ಟಿ ಮಗಳನ್ನು ಯಾರ ಕೈಗೆ ಒಪ್ಪಿಸಿದ್ದೆನೋ ಅವರೇ ಈಗ ಸರ್ಕಾರಿ ಶಾಲೆಯಲ್ಲಿ ಒಂದು ಪೈಸೆಯೂ ಕಟ್ಟದ ಮಕ್ಕಳಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದರು. ನಂತರ ಬಂದ ಇಬ್ಬರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಗಳಿಗೆ ಗಣಿತ ಬಂದದ್ದು ಸಂಜೆಯ ಟ್ಯೂಷನ್ನಿನಲ್ಲಿ ಮತ್ತು ಅಡುಗೆಮನೆಯ ಕಟ್ಟೆಯ ಮೇಲೆ ನನ್ನ ಜೊತೆ ಕುಳಿತ ಅರ್ಧ ಗಂಟೆಯಲ್ಲಿ. ಆ ಎರಡಕ್ಕೂ ನಾವು ಪ್ರತ್ಯೇಕವಾಗಿಯೇ ಬೆಲೆ ತೆತ್ತಿದ್ದೇವೆ, ಒಂದಕ್ಕೆ ಹಣದಲ್ಲಿ, ಇನ್ನೊಂದಕ್ಕೆ ನನ್ನ ನಿದ್ದೆಯಲ್ಲಿ.

ಹಾಗಾದರೆ ಶುಲ್ಕ ವ್ಯರ್ಥವೇ ಎಂದರೆ, ಹಾಗೆ ಹೇಳಲು ನನ್ನ ಅಣ್ಣನ ಮನೆ ನನಗೆ ಬಿಡುವುದಿಲ್ಲ. ಅಣ್ಣನ ಮಗ ಊರಿನ ಸರ್ಕಾರಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವನು, ಚುರುಕಾದ ಹುಡುಗ. ಅವನು ಆರನೆಯ ತರಗತಿಗೆ ಬಂದ ವರ್ಷ ಗಣಿತ ಮತ್ತು ವಿಜ್ಞಾನದ ಶಿಕ್ಷಕರು ವರ್ಗಾವಣೆಯಾಗಿ ತಮ್ಮ ಜಿಲ್ಲೆಗೆ ಹೋದರು. ಆ ಜಾಗಕ್ಕೆ ಅತಿಥಿ ಶಿಕ್ಷಕರು ಬರುವಷ್ಟರಲ್ಲಿ ದಸರಾ ರಜೆ ಹತ್ತಿರವಾಗಿತ್ತು; ಮರುವರ್ಷವೂ ಹಾಗೆಯೇ ಆಯಿತು. ಬೇಸಿಗೆಯಲ್ಲಿ ನಮ್ಮಲ್ಲಿಗೆ ಬಂದಿದ್ದಾಗ ಋಣ ಸಂಖ್ಯೆಗಳ ಒಂದು ಸುಲಭ ಲೆಕ್ಕ ಕೊಟ್ಟೆ. ಅವನು ಅದನ್ನು ತಪ್ಪು ಮಾಡಿದನೆಂದಲ್ಲ. ಅಂತಹದೊಂದು ಇದೆ ಎಂಬುದೇ ಅವನಿಗೆ ತಿಳಿದಿರಲಿಲ್ಲ. ಅಣ್ಣ ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ: "ಸಾಲಿ ಅದ, ಕೋಲಿ ಅದ, ಊಟ ಅದ ತಂಗಿ. ಕಲಸೋ ಮಾಸ್ತರ್ ಒಬ್ಬರು ಇಲ್ಲ." ಕೋಲಿ ಎಂದರೆ ಕೋಣೆ. ಎಂಟನೆಯ ತರಗತಿಗೆ ಅವನನ್ನು ಸೇಡಂನ ಖಾಸಗಿ ಶಾಲೆಗೆ ವ್ಯಾನಿನಲ್ಲಿ ಕಳುಹಿಸಲು ಅಣ್ಣ ತೊಗರಿಯನ್ನು ಬೆಲೆ ಬರುವ ಮುಂಚೆಯೇ ಮಾರಿದ. ಅವನು ಮಾಡಿದ್ದು ಸರಿ ಎಂದೇ ನಾನು ಹೇಳುತ್ತೇನೆ.

ಈ ಎರಡು ಅನುಭವಗಳನ್ನು ಪಕ್ಕಪಕ್ಕ ಇಟ್ಟಾಗ ನನಗೆ ಕಾಣುವುದಿಷ್ಟು. ನಮ್ಮ ಭಾಗದಲ್ಲಿ, ನಮ್ಮಂತಹ ಮಧ್ಯಮ ಶುಲ್ಕದ ಖಾಸಗಿ ಶಾಲೆಗೆ ನಾವು ಕೊಡುವ ಹಣ ಪ್ರತಿ ಪಿರಿಯಡ್ಡಿನಲ್ಲೂ ಕೋಣೆಯಲ್ಲಿ ಒಬ್ಬ ದೊಡ್ಡವರು ನಿಂತಿರುತ್ತಾರೆ ಎಂಬ ಖಾತರಿಗೆ ಸಲ್ಲುತ್ತದೆ. ನಿಂತವರು ಎಷ್ಟು ಕಲಿತವರು, ಎಷ್ಟು ದಿನ ಇರುವವರು ಎಂಬುದು ಆ ಖಾತರಿಯಲ್ಲಿ ಸೇರಿಲ್ಲ. ಸರ್ಕಾರಿ ಶಾಲೆಯಲ್ಲಿ ಇದು ತಿರುವುಮುರುವು: ಕಾಯಂ ಶಿಕ್ಷಕರು ಡಿ.ಇಡಿ ಅಥವಾ ಬಿ.ಇಡಿ ಮುಗಿಸಿ, ಇತ್ತೀಚೆಗೆ ಸೇರಿದವರಾದರೆ ಟಿಇಟಿ ಎಂಬ ಶಿಕ್ಷಕರ ಅರ್ಹತಾ ಪರೀಕ್ಷೆಯನ್ನೂ ಪಾಸಾಗಿ, ಮತ್ತೊಂದು ಸ್ಪರ್ಧಾತ್ಮಕ ಪರೀಕ್ಷೆಯನ್ನೂ ದಾಟಿ ಬಂದವರು. ಆದರೆ ಅವರು ನಿಮ್ಮ ಶಾಲೆಯಲ್ಲಿ ಇರುತ್ತಾರೆಂಬ ಖಾತರಿ ಇಲ್ಲ. ಇರುವಲ್ಲಿ ಶುಲ್ಕ ಕಟ್ಟುವುದು ದಂಡ, ಇಲ್ಲದಲ್ಲಿ ಕಟ್ಟದಿರುವುದು ತಪ್ಪು.

ಇದು ನನ್ನ ಮನೆಯ ಎರಡು ಮಕ್ಕಳಿಂದ ಹೊರಟ ಮಾತು ಎಂದು ತಳ್ಳಿಹಾಕುವವರಿಗೆ ನೆರೆಯ ಅವಿಭಜಿತ ಆಂಧ್ರಪ್ರದೇಶದಲ್ಲಿ ನಡೆದ ಒಂದು ಪ್ರಯೋಗವನ್ನು ಹೇಳಬೇಕು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಅವರು ಅಧ್ಯಯನ ಮಾಡಿದ ಆ ಪ್ರಯೋಗದಲ್ಲಿ, ಹಳ್ಳಿಗಳ ಸರ್ಕಾರಿ ಶಾಲೆಯ ಮಕ್ಕಳಲ್ಲಿ ಲಾಟರಿ ಎತ್ತಿ ಕೆಲವರಿಗೆ ಖಾಸಗಿ ಶಾಲೆಯ ಶುಲ್ಕ ಭರಿಸುವ ವೋಚರ್ ಕೊಡಲಾಯಿತು. ನಾಲ್ಕು ವರ್ಷಗಳ ನಂತರ ನೋಡಿದರೆ ತೆಲುಗು ಮತ್ತು ಗಣಿತದಲ್ಲಿ ವೋಚರ್ ಪಡೆದವರಿಗೂ ಪಡೆಯದವರಿಗೂ ಅಂತರವೇ ಇರಲಿಲ್ಲ. ಖಾಸಗಿ ಶಾಲೆಗಳು ಹೆಚ್ಚುವರಿಯಾಗಿ ಕಲಿಸುತ್ತಿದ್ದ ಹಿಂದಿಯಲ್ಲಿ ಮಾತ್ರ ಆ ಮಕ್ಕಳು ಸ್ಪಷ್ಟವಾಗಿ ಮುಂದಿದ್ದರು. 2015ರಲ್ಲಿ ಪ್ರಕಟವಾದ ಈ ಅಧ್ಯಯನದ ಇನ್ನೊಂದು ಮಾತನ್ನು ಖಾಸಗಿಯವರ ಪರವಾಗಿ ಹೇಳದಿದ್ದರೆ ಅನ್ಯಾಯವಾಗುತ್ತದೆ: ಆ ಖಾಸಗಿ ಶಾಲೆಗಳು ಅದೇ ಕಲಿಕೆಯನ್ನು ಸರ್ಕಾರ ಒಂದು ಮಗುವಿಗೆ ಮಾಡುವ ಖರ್ಚಿನ ಮೂರನೆಯ ಒಂದು ಭಾಗಕ್ಕಿಂತ ಕಡಿಮೆಯಲ್ಲಿ ಕೊಡುತ್ತಿದ್ದವು. ಸರ್ಕಾರದ ಖಜಾನೆಯ ಕಡೆಯಿಂದ ನೋಡುವವರಿಗೆ ಅದು ದೊಡ್ಡ ಸಂಗತಿ. ನನ್ನ ಖಜಾನೆ ಬೇರೆ. ಸರ್ಕಾರ ಮಾಡುವ ಖರ್ಚು ನನಗೆ ಶುಲ್ಕವಾಗಿ ಬರುವುದಿಲ್ಲ, ಖಾಸಗಿಯವರದು ಬರುತ್ತದೆ.

ಹಾಗಿದ್ದೂ ನಮ್ಮ ಜಿಲ್ಲೆಯ ತಂದೆತಾಯಿಗಳು ಸಾಲ ಮಾಡಿ ಖಾಸಗಿ ಶಾಲೆಗೆ ಓಡುವುದರ ಹಿಂದೆ ಒಂದು ಭಯವಿದೆ. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ಶೇ 91.12 ಪಡೆದು ಮೊದಲ ಸ್ಥಾನದಲ್ಲಿದ್ದಾಗ ಕಲಬುರಗಿ ಶೇ 42.43 ಪಡೆದು ಕೊನೆಯ ಸ್ಥಾನದಲ್ಲಿತ್ತು. ಅದರ ಹಿಂದಿನ ವರ್ಷ ಆ ಜಾಗದಲ್ಲಿ ಯಾದಗಿರಿ ಇತ್ತು. ಫಲಿತಾಂಶ ಬಂದ ದಿನ ಮಿಲ್ಲಿನಲ್ಲಿ ಎಲ್ಲರ ಮಾತೂ ಅದೇ ಆಗಿತ್ತು, ಮತ್ತು ಎಲ್ಲರೂ ಬೆರಳು ತೋರಿಸಿದ್ದು ಸರ್ಕಾರಿ ಶಾಲೆಗಳ ಕಡೆಗೆ. ಆದರೆ ಆ ಶೇಕಡಾವಾರಿನಲ್ಲಿ ಜಿಲ್ಲೆಯ ಖಾಸಗಿ ಶಾಲೆಗಳೂ ಅನುದಾನಿತ ಶಾಲೆಗಳೂ ಸೇರಿವೆ ಎಂಬುದನ್ನು ಯಾರೂ ನೆನೆಯಲಿಲ್ಲ. ಖಾಸಗಿ ಎಂಬ ಹಲಗೆಯೊಂದೇ ದಡ ಸೇರಿಸುವಂತಿದ್ದರೆ, ಓಣಿಗೊಂದು ಕಾನ್ವೆಂಟ್ ಇರುವ ಈ ನಗರದ ಜಿಲ್ಲೆ ಪಟ್ಟಿಯ ತುದಿಗೆ ಬೀಳಬೇಕಾಗಿರಲಿಲ್ಲ.

ಇಲ್ಲಿ ಒಂದು ಹಳೆಯ ಮಾತು ನೆನಪಾಗುತ್ತದೆ. ನಿಜಾಮರ ಕಾಲದಲ್ಲಿ ಓದಿದ ನನ್ನ ಅಜ್ಜನಿಗೆ "ಸರಕಾರಿ ಸಾಲಿ" ಎಂದರೆ ಉರ್ದು ಶಾಲೆ. ಅವರು ಕೊನೆಯವರೆಗೂ ಹೊಲದ ಲೆಕ್ಕವನ್ನು ಉರ್ದುವಿನಲ್ಲೇ ಬರೆಯುತ್ತಿದ್ದರು. ಕನ್ನಡ ಅಕ್ಷರಗಳನ್ನು ಮಠದಲ್ಲಿ ಕಲಿತದ್ದಂತೆ. ಕಲಬುರಗಿಯಲ್ಲಿ 1907ರಲ್ಲಿ ಆರಂಭವಾದ ನೂತನ ವಿದ್ಯಾಲಯ, 1958ರಲ್ಲಿ ಮಹಾದೇವಪ್ಪ ರಾಂಪುರೆಯವರು ಕಟ್ಟಿದ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ, ಶರಣಬಸವೇಶ್ವರ ಸಂಸ್ಥಾನದ ಶಾಲೆ ಕಾಲೇಜುಗಳು, ಇವೆಲ್ಲವೂ ಸರ್ಕಾರೇತರವೇ. ಜನರು ಚಂದಾ ಎತ್ತಿ, ದಾನ ಕೊಟ್ಟು ಕಟ್ಟಿದವು. ಆದ್ದರಿಂದ ಈ ಭಾಗದ ಹಿರಿಯರಿಗೆ ಸರ್ಕಾರದ ಹೊರಗಿನ ಶಾಲೆಯ ಬಗ್ಗೆ ಒಂದು ಗೌರವ ಮೊದಲಿನಿಂದಲೂ ಇದೆ, ಮತ್ತು ಅದಕ್ಕೆ ಕಾರಣವೂ ಇದೆ. ಆ ಗೌರವವನ್ನು ಇಂದಿನ ಎರಡಂತಸ್ತಿನ ಬಾಡಿಗೆ ಕಟ್ಟಡದ ಶಾಲೆಗಳಿಗೂ ಹಾಗೆಯೇ ದಾಟಿಸಿಬಿಡುತ್ತಾರೆ ಎಂಬುದಷ್ಟೇ ನನ್ನ ತಕರಾರು.

ಇಂಗ್ಲಿಷಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಒಂಬತ್ತು ಕ್ವಿಂಟಲಿನಲ್ಲಿ ಬಹುಪಾಲು ಸುರಿಯುವುದು ಅದಕ್ಕೇ. ನನ್ನ ಮಗಳು ಇಂಗ್ಲಿಷ್ ಪಾಠವನ್ನು ನಿರರ್ಗಳವಾಗಿ ಓದುತ್ತಾಳೆ, ತಮ್ಮನ ವಯಸ್ಸಿನಲ್ಲಿ ಅವಳಿಗಿದ್ದಷ್ಟು ಇಂಗ್ಲಿಷ್ ಅವನಿಗಿಲ್ಲ, ಇದು ನಿಜ. ಆದರೆ ಪರಿಸರ ಅಧ್ಯಯನದಲ್ಲಿ ನೀರು ಆವಿಯಾಗುವ ಪಾಠದ ಉತ್ತರವನ್ನು ಅವಳು ಮೂರು ದಿನ ಬಾಯಿಪಾಠ ಮಾಡಿ ಒಪ್ಪಿಸಿದ ಮೇಲೆ, ಹಿತ್ತಲಿನ ತಂತಿಯ ಮೇಲೆ ಒಣಗುವ ಬಟ್ಟೆಯ ನೀರು ಎಲ್ಲಿ ಹೋಯಿತು ಎಂದು ಕೇಳಿದರೆ ಸುಮ್ಮನೆ ನನ್ನ ಮುಖ ನೋಡಿದಳು. ಅದೇ ಪಾಠವನ್ನು ಕನ್ನಡದಲ್ಲಿ ಹೇಳಿದಾಗ ಐದು ನಿಮಿಷ ಸಾಕಾಯಿತು. ಮನೆಯಲ್ಲಿ ಇಂಗ್ಲಿಷ್ ಆಡದ ನಮ್ಮಂತಹವರ ಮಕ್ಕಳಿಗೆ ಇಂಗ್ಲಿಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಸುವವರು ಬೇಕು. ಎಲ್ಲ ವಿಷಯಗಳನ್ನೂ, ಸ್ವತಃ ಅದರಲ್ಲಿ ತಡವರಿಸುವ ಶಿಕ್ಷಕರ ಬಾಯಿಂದ, ಅದರಲ್ಲೇ ಕೇಳಿಸುವುದರಿಂದ ಎರಡೂ ಅರ್ಧವಾಗುತ್ತವೆ. ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿ ಇದೆ, 2019ರಿಂದ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗವೂ ಶುರುವಾಯಿತು. ಮಗನ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವುದು ಬಹಳ ಚೆನ್ನಾಗಿದೆ ಎಂದು ನಾನು ಹೇಳಲಾರೆ. ಆ ಕೊರತೆಯನ್ನು ಮನೆಯಲ್ಲಿ ತುಂಬಬಹುದು ಎಂಬ ಧೈರ್ಯ ನನಗಿದೆ. ಅರ್ಥವಾಗದ ವಿಜ್ಞಾನದ ಕೊರತೆಯನ್ನು ತುಂಬುವುದು ಕಷ್ಟ ಎಂಬುದನ್ನು ಮಗಳಿಂದ ಕಲಿತಿದ್ದೇನೆ.

ಮಗನನ್ನು ಸೇರಿಸುವ ಮುಂಚೆ ಆ ಶಾಲೆಗೆ ಮೂರು ಸಲ ಹೋಗಿದ್ದೆ. ಸೇರ್ಪಡೆಯ ಭರಾಟೆಯ ಮೇ ತಿಂಗಳಲ್ಲಿ ಹೋದರೆ ಏನೂ ತಿಳಿಯುವುದಿಲ್ಲವಾದ್ದರಿಂದ ಹಿಂದಿನ ವರ್ಷದ ಆಗಸ್ಟ್‌ನಲ್ಲೇ ಮೊದಲ ಸಲ ಹೋದೆ. ಮುಖ್ಯೋಪಾಧ್ಯಾಯರಿಗೆ ನಾನು ಕೇಳಿದ್ದು ಒಂದೇ ಪ್ರಶ್ನೆ: ಮಂಜೂರಾದ ಹುದ್ದೆ ಎಷ್ಟು, ಈಗ ಇರುವವರು ಎಷ್ಟು? ಏಳರಲ್ಲಿ ಐವರು ಕಾಯಂ, ಇಬ್ಬರು ಅತಿಥಿ ಎಂದರು. ಶಾಲೆಯ ಮಕ್ಕಳ ಸಂಖ್ಯೆ, ಶಿಕ್ಷಕರ ಸಂಖ್ಯೆ ಎರಡನ್ನೂ ಶಾಲೆಗಳ ಅಂಕಿಅಂಶ ಕೊಡುವ ಸರ್ಕಾರದ ಯುಡೈಸ್ ಪ್ಲಸ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು, ನಾನೂ ನೋಡಿಕೊಂಡಿದ್ದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಅರವತ್ತರವರೆಗೆ ಮಕ್ಕಳಿರುವ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರಿದ್ದರೆ ನಿಯಮ ಪಾಲನೆಯಾದಂತೆ. ಐದು ತರಗತಿಗಳನ್ನು ಇಬ್ಬರು ಹೇಗೆ ನೋಡಿಕೊಳ್ಳುತ್ತಾರೆ ಎಂಬುದನ್ನು ಕಾಯ್ದೆ ಕೇಳುವುದಿಲ್ಲ. ಆದ್ದರಿಂದ ಮಕ್ಕಳು ಹೆಚ್ಚಿರುವ, ಶಿಕ್ಷಕರೂ ಹೆಚ್ಚಿರುವ ಸರ್ಕಾರಿ ಶಾಲೆಯನ್ನು ಹುಡುಕುವುದು ಲೇಸು. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ಕಾರ್ಡು ಹಿಡಿದು ಕುಳಿತಿರುವುದನ್ನು ಕಂಡು ನಮ್ಮ ಮನೆಯವರು "ಇಲ್ಲಿ ಪಾಠವೇ ನಡೆಯುವುದಿಲ್ಲವಲ್ಲ" ಎಂದರು. ಅದು ನಲಿ-ಕಲಿ. ತೊಂಬತ್ತರ ದಶಕದಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರೇ ರೂಪಿಸಿ ನಂತರ ರಾಜ್ಯಕ್ಕೆಲ್ಲ ಹರಡಿದ ಪದ್ಧತಿ. ಕಲಿಸುವವರಿಗೆ ಆಸಕ್ತಿ ಇದ್ದರೆ ಅದು ಚೆನ್ನಾಗಿಯೇ ನಡೆಯುತ್ತದೆ, ಇಲ್ಲದಿದ್ದರೆ ಕಾರ್ಡುಗಳು ತಟ್ಟೆಯಲ್ಲೇ ಇರುತ್ತವೆ. ಮಗನ ಶಿಕ್ಷಕಿಗೆ ಆಸಕ್ತಿ ಇತ್ತು. ಶೌಚಾಲಯದ ಬೀಗದ ಕೈ ಮಾತ್ರ ಅಡುಗೆಯವರ ಸೊಂಟದಲ್ಲಿರುತ್ತಿತ್ತು. ಅದರ ಬಗ್ಗೆ ಎರಡು ತಿಂಗಳು ಜಗಳವಾಡಬೇಕಾಯಿತು.

ಊಟದ ಬಗ್ಗೆ ಆತಂಕವಿದ್ದದ್ದು ಅತ್ತೆಯವರಿಗೆ. ಬಿಸಿಯೂಟ 2002ರಲ್ಲಿ ಮೊದಲು ಶುರುವಾದದ್ದೇ ನಮ್ಮ ಈಶಾನ್ಯ ಜಿಲ್ಲೆಗಳಲ್ಲಿ, 2021ರ ಡಿಸೆಂಬರ್‌ನಲ್ಲಿ ಮೊಟ್ಟೆ ಶುರುವಾದದ್ದೂ ಈ ಭಾಗದಿಂದಲೇ. ಮಗ ಮನೆಯಲ್ಲಿ ಮುಟ್ಟದ ತರಕಾರಿ ಸಾಂಬಾರನ್ನು ಅಲ್ಲಿ ಉಣ್ಣುತ್ತಾನೆ. ಜೋಳದ ರೊಟ್ಟಿಯ ನಾಡಿನ ಮಕ್ಕಳಿಗೆ ದಿನವೂ ಅನ್ನವೇ ಏಕೆ ಎಂಬ ನನ್ನ ಪ್ರಶ್ನೆ ಹಾಗೆಯೇ ಉಳಿದಿದೆ.

ಆದರೆ ಅತ್ತೆಯವರ ನಿಜವಾದ ಆತಂಕ ಊಟದ್ದಲ್ಲ ಎಂದು ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. "ಅಲ್ಲಿ ಎಂಥೆಂಥಾ ಮಕ್ಕಳು ಬರ್ತಾವ ನೋಡೀಯೇನು?" ಎಂದು ಕೇಳಿದರು. ಮಗನ ತರಗತಿಯಲ್ಲಿ ಗಂಜಿನ (ಧಾನ್ಯ ಮಾರುಕಟ್ಟೆಯ) ಹಮಾಲರ, ಆಟೊ ಓಡಿಸುವವರ, ಮನೆಗೆಲಸದವರ ಮಕ್ಕಳಿದ್ದಾರೆ. ನಮ್ಮ ಮಿಲ್ಲಿನಲ್ಲಿ ಚೀಲ ಹೊರುವವರೊಬ್ಬರ ಮಗಳು ಅವನ ಪಕ್ಕದಲ್ಲೇ ಕೂರುತ್ತಾಳೆ. ಖಾಸಗಿ ಶಾಲೆಗೆ ಕಟ್ಟುವ ಶುಲ್ಕದಲ್ಲಿ ಒಂದು ಪಾಲು ಪಕ್ಕದಲ್ಲಿ ಯಾರು ಕೂರಬಾರದು ಎಂಬುದಕ್ಕೆ ಕಟ್ಟುವ ಹಣ. ಇದನ್ನು ಯಾರೂ ರಸೀದಿಯಲ್ಲಿ ಬರೆಯುವುದಿಲ್ಲ, ಆದರೆ ನಮ್ಮ ಬೀದಿಯ ಬಹಳಷ್ಟು ಮನೆಗಳಲ್ಲಿ ಅತ್ಯಂತ ಸಂತೋಷದಿಂದ ಕಟ್ಟುವ ಪಾಲು ಅದೇ. ಮಗಳನ್ನು ಸೇರಿಸುವಾಗ ನನ್ನ ಮನಸ್ಸಿನಲ್ಲೂ ಅದು ಇರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಯಲ್ಲಿ ಶೇ 25 ಸೀಟುಗಳನ್ನು ಬಡ ಮಕ್ಕಳಿಗೆ ಇಟ್ಟಿತ್ತು. ಮಗಳ ತರಗತಿಯಲ್ಲೂ ಒಂದಿಬ್ಬರು ಅಂತಹವರಿರಬೇಕಿತ್ತು. 2019ರಿಂದ ರಾಜ್ಯ ಸರ್ಕಾರ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ ಎಂಬ ನಿಯಮ ತಂದಿತು. ಹತ್ತಿರದಲ್ಲಿ ಶಾಲೆ ಇದೆಯೇ ಎಂದು ನೋಡುವ ಆ ನಿಯಮ, ಆ ಶಾಲೆಯಲ್ಲಿ ಶಿಕ್ಷಕರಿದ್ದಾರೆಯೇ ಎಂದು ನೋಡುವುದಿಲ್ಲ.

ಹಣ ಎಲ್ಲಿ ಬೇಕಾಗುತ್ತದೆ ಎಂಬುದನ್ನೂ ಯೋಚಿಸಬೇಕು. ನಮ್ಮಲ್ಲಿ ನಿಜವಾದ ಹೊರೆ ಬೀಳುವುದು ಹತ್ತನೆಯ ತರಗತಿಯ ನಂತರ. ಬೀದರಿಗೆ ದೂರದೂರದಿಂದ ಮಕ್ಕಳು ಬಂದು ಹಾಸ್ಟೆಲಿನಲ್ಲಿದ್ದು ನೀಟ್ ಪರೀಕ್ಷೆಗೆ ತಯಾರಾಗುತ್ತಾರೆ. ಅಂತಹ ಎರಡು ವರ್ಷದ ಪಿಯು ಮತ್ತು ತರಬೇತಿಗೆ ಲಕ್ಷಗಳಲ್ಲೇ ಮಾತು. ಎಲ್‌ಕೆಜಿಯಿಂದ ಹತ್ತರವರೆಗೆ ಇದ್ದದ್ದನ್ನೆಲ್ಲ ಸುರಿದ ಮನೆಗಳು ಆ ಹೊತ್ತಿಗೆ ಹೊಲಕ್ಕೆ ಅಥವಾ ಬಂಗಾರಕ್ಕೆ ಕೈ ಹಾಕುವುದನ್ನು ಕಂಡಿದ್ದೇನೆ. ಜೊತೆಗೆ, ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿ ಮೂಲಕದ ವೃತ್ತಿಪರ ಸೀಟುಗಳಲ್ಲಿ ಶೇ 5, ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15 ಮೀಸಲು ಇದೆ. ನಗರದ ಇಂಗ್ಲಿಷ್ ಮಾಧ್ಯಮದಲ್ಲಿರುವ ನನ್ನ ಮಗಳಿಗೆ ಎರಡೂ ಇಲ್ಲ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ಕಲಮಿನ ಸ್ಥಳೀಯ ಮೀಸಲಾತಿ ಮಾತ್ರ ಶಾಲೆಯ ಬಗೆ ನೋಡದೆ ಇಬ್ಬರಿಗೂ ಸಿಗುತ್ತದೆ. ಮಗನ ಹೆಸರಿನಲ್ಲಿ ತಿಂಗಳಿಗೆ ನಾಲ್ಕು ಸಾವಿರದ ಆರ್‌ಡಿ ತೆರೆದಿದ್ದೇನೆ. ಅವನ ಪುಟದಲ್ಲಿ ಈ ವರ್ಷ ಬಿದ್ದ ಖರ್ಚು ₹2,860, ಅದರಲ್ಲಿ ಒಂದು ಛತ್ರಿ ಮತ್ತು ಕಳೆದುಹೋದ ಎರಡು ನೀರಿನ ಬಾಟಲಿ ಸೇರಿವೆ.

ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಗೆ ಈ ವರ್ಷ ನನ್ನನ್ನೂ ಸದಸ್ಯೆಯಾಗಿ ಆರಿಸಿದ್ದಾರೆ. ತಂದೆತಾಯಿಗಳ ಈ ಸಮಿತಿ 2001ರಿಂದಲೇ ಇದ್ದರೂ, ಅರ್ಜಿ ಬರೆಯಬಲ್ಲವರು, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಎರಡು ಸಲ ಅಲೆಯಬಲ್ಲವರು ತಮ್ಮ ಮಕ್ಕಳ ಜೊತೆಗೇ ಆ ಶಾಲೆಗಳಿಂದ ಹೊರಟುಹೋಗಿದ್ದಾರೆ. ಖಾಸಗಿ ಶಾಲೆಯಲ್ಲಿ ಮೂವರು ಗಣಿತ ಶಿಕ್ಷಕರು ಬದಲಾದಾಗ ನಾನು ಕೇಳಿದ ಪ್ರಶ್ನೆಗೆ "ಮ್ಯಾನೇಜ್‌ಮೆಂಟ್ ನೋಡಿಕೊಳ್ಳುತ್ತದೆ" ಎಂಬ ಉತ್ತರ ಬಂದಿತ್ತು. ಇಲ್ಲಿ ಶೌಚಾಲಯದ ಬೀಗದ ಕೈ ನನ್ನ ಅರ್ಜಿಯಿಂದಲೇ ಆರನೆಯ ತರಗತಿಯ ಹುಡುಗಿಯರ ಕೈಗೆ ಬಂತು.

ಇನ್ನು ಮಗಳ ವಿಷಯ. ಅವಳನ್ನೂ ತಮ್ಮನ ಶಾಲೆಗೇ ತರಬಹುದಿತ್ತು, ಆದರೆ ಅಲ್ಲಿ ಆರರಿಂದ ಎಂಟನೆಯ ತರಗತಿಗೆ ವಿಜ್ಞಾನ ಕಲಿಸುವ ಹುದ್ದೆ ಖಾಲಿ ಇದೆ, ಅಣ್ಣನ ಮಗನ ಉದಾಹರಣೆ ಕಣ್ಣ ಮುಂದಿದೆ. ಅವಳು ಈ ಸಲ ಸರ್ಕಾರದ ಆದರ್ಶ ವಿದ್ಯಾಲಯದ ಆರನೆಯ ತರಗತಿಗೆ ಪ್ರವೇಶ ಪರೀಕ್ಷೆ ಬರೆದಿದ್ದಾಳೆ. ಅಲ್ಲಿ ಇಂಗ್ಲಿಷ್ ಮಾಧ್ಯಮವೇ ಇರುವುದರಿಂದ ಅವಳಿಗೆ ಮಾಧ್ಯಮ ಬದಲಾಗುವ ಕಷ್ಟವೂ ಇಲ್ಲ. ಸೀಟು ಸಿಕ್ಕರೆ ಹೋಗುತ್ತಾಳೆ, ಸಿಗದಿದ್ದರೆ ಒಂಬತ್ತು ಕ್ವಿಂಟಲ್ ತೊಗರಿಯನ್ನು ಮತ್ತೊಂದು ವರ್ಷ ಕಟ್ಟುತ್ತೇನೆ. ಮೊದಲ ಕಂತನ್ನು ಈ ತಿಂಗಳ ಕೊನೆಯೊಳಗೆ ಕಟ್ಟಬೇಕೆಂದು ಖಾಸಗಿ ಶಾಲೆಯಿಂದ ಎರಡನೆಯ ಸಂದೇಶ ನಿನ್ನೆ ಬಂತು. ಆಯ್ಕೆಪಟ್ಟಿ ಇನ್ನೂ ಬಂದಿಲ್ಲ. ಹೊಸ ಲೆಕ್ಕದ ಪುಸ್ತಕದಲ್ಲಿ ಅವಳ ಪುಟಕ್ಕೆ ಹೆಸರು, ತರಗತಿ ಬರೆದು ಶಾಲೆಯ ಜಾಗವನ್ನು ಖಾಲಿ ಬಿಟ್ಟಿದ್ದೇನೆ.